ಪರವಾನಗಿ ಬೇರೆ, ಒಪ್ಪಿಗೆ ಬೇರೆ

ಕಳೆದ ವಾರ ನಮ್ಮ ಹಳೇ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಸಾಲು. "ಬ್ರಿಟನ್ ಹೊಸ ತೈಲ ಪರವಾನಗಿ ನಿಲ್ಲಿಸಿದೆ, ಇನ್ನು ಉತ್ತರ ಸಮುದ್ರದಲ್ಲಿ ಹೊಸ ಬಾವಿ ಕೊರೆಯುವಂತಿಲ್ಲ." ಅದರ ಕೆಳಗೇ ಇನ್ನೊಬ್ಬರು: "ಹಾಗಾದ್ರೆ ಆ ರೋಸ್‌ಬ್ಯಾಂಕ್‌ಗೆ ಇನ್ನೂ ಯಾಕೆ ಹೊಡೆದಾಡ್ತಿದಾರೆ? ಈ ಪರಿಸರದವರಿಗೆ ಎಷ್ಟು ಕೊಟ್ಟರೂ ಸಾಲದು."

ರೋಸ್‌ಬ್ಯಾಂಕ್ ಎಂದರೆ ಬ್ರಿಟನ್ನಿನ ಕಡಲಲ್ಲಿರುವ ಒಂದು ತೈಲ ನಿಕ್ಷೇಪ. ಮೊದಲ ಸಾಲಿನಲ್ಲಿ ಅರ್ಧ ಸರಿ, ಅರ್ಧ ತಪ್ಪು. ಎರಡನೆಯವರ ಸಿಟ್ಟು ಹುಟ್ಟಿದ್ದು ಆ ತಪ್ಪಿನ ಅರ್ಧದಿಂದ. ಇದನ್ನು ನೋಡಿ ನೋಡಿ ಸಾಕಾಗಿದೆ. ನಮ್ಮ ಸುದ್ದಿಗಳಲ್ಲಿ ಲೈಸೆನ್ಸ್, ಕನ್ಸೆಂಟ್, ಅಪ್ರೂವಲ್, ಲೀಸ್ ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ 'ಪರವಾನಗಿ' ಅಂತ ಬರೆದುಬಿಡುತ್ತೇವೆ. ಆ ಪದ ಆಗಲೇ ಬಂದುಬಿಟ್ಟಿದ್ದರೆ 'ಅನುಮತಿ'. ಬೇರೆ ವಿಷಯಗಳಲ್ಲಿ ಇದರಿಂದ ಜಾಸ್ತಿ ನಷ್ಟವಿಲ್ಲ. ತೈಲದ ವಿಷಯದಲ್ಲಿ ಮಾತ್ರ ಇಡೀ ಜಗಳ ಇರುವುದೇ ಈ ಪದಗಳ ನಡುವಿನ ಸಂದಿಯಲ್ಲಿ. ಅದೂ ತೈಲ ಕಂಪನಿಗೂ ಪರಿಸರದವರಿಗೂ ಅಲ್ಲ, ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದವರ ನಡುವಿನ ಜಗಳ.

ಮೊದಲು ಪದದ ಹುಟ್ಟು ನೋಡಿಬಿಡೋಣ. ನನಗೆ ಇದು ಇಷ್ಟದ ಭಾಗ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಪರವಾನಗಿ ಪಾರ್ಸಿ (ಪರ್ಷಿಯನ್) ಮೂಲದ ಮಾತು. ಅಲ್ಲಿ 'ಪರ್ವಾನಾ' ಅಂದರೆ ಆಜ್ಞೆಯ ಕಾಗದ. ಮೊಘಲರ ದಫ್ತರದಲ್ಲಿ ಕಾಗದಗಳಿಗೂ ಅಂತಸ್ತು ಇತ್ತು. ಬಾದಶಹನೇ ಹೊರಡಿಸಿದ್ದು ಫರ್ಮಾನು. ಅವನ ಕೆಳಗಿನ ಅಧಿಕಾರಿ ಬರೆದುಕೊಟ್ಟದ್ದು ಪರ್ವಾನಾ. ಅದಕ್ಕೂ ಹಿಂದೆ, 13ನೇ ಶತಮಾನದ ಅನಟೋಲಿಯಾದಲ್ಲಿ ಸೆಲ್ಜೂಕ್ ಸುಲ್ತಾನರ ಆಸ್ಥಾನದಲ್ಲಿ ಪರ್ವಾನಾ ಎಂಬುದು ಒಂದು ಹುದ್ದೆಯೇ ಆಗಿತ್ತು. ಉರ್ದು ಗಜಲ್ ಕೇಳುವವರಿಗೆ ಇದೇ ರೂಪದ ಇನ್ನೊಂದು ಪದ ಗೊತ್ತಿರುತ್ತದೆ: ದೀಪಕ್ಕೆ ಬೀಳುವ ಪತಂಗ. ತೈಲದ ವಿಷಯದಲ್ಲಿ ಎರಡೂ ಅರ್ಥ ಹೊಂದುತ್ತದಲ್ಲ ಅನ್ನುವ ಆಸೆ ನನಗೂ ಆಗುತ್ತದೆ, ಆದರೆ ಅದು ಸುಮ್ನೆ ಚಮತ್ಕಾರ.

ಪರ್ವಾನಾಕ್ಕೆ 'ಗೀ' ಸೇರಿದರೆ ಪರ್ವಾನಗೀ. ಬಂದಾ ಎಂಬುದು ಬಂದಗೀ ಆದ ಹಾಗೆ, ನಮ್ಮ 'ಖಾಸಗಿ' ಬಂದ ಹಾಗೆ. ಮರಾಠಿಯಲ್ಲೂ ಅದೇ ಪದ ಉಂಟು. ಇಲ್ಲಿಗೆ ಬಂದಮೇಲೆ ಕನ್ನಡದ ನಾಲಿಗೆ ಸುಮ್ಮನಿರಲಿಲ್ಲ. ಮೆರವಣಿಗೆ, ಬರವಣಿಗೆ, ದೇಣಿಗೆ ಎಂದು ಉಲಿದು ಅಭ್ಯಾಸವಿದ್ದವರು ಅದನ್ನು 'ಪರವಾನಿಗೆ' ಮಾಡಿಕೊಂಡರು. ನಮ್ಮೂರಿನ ಮದ್ದಿನಂಗಡಿಯ ಬೋರ್ಡಿನಲ್ಲಿ ಇಂದಿಗೂ ಹಾಗೇ ಇದೆ. ಅದನ್ನು ತಪ್ಪು ಎಂದು ತಿದ್ದಲು ಹೊರಡುವವರ ಜೊತೆ ನಾನಿಲ್ಲ. ಪಾರ್ಸಿ ಹುಡುಗಿ ಕನ್ನಡದ ಸೀರೆ ಉಟ್ಟಳು, ಅಷ್ಟೇ.

ನನ್ನ ತಕರಾರು ಕಾಗುಣಿತದ್ದಲ್ಲ, ಅರ್ಥದ್ದು. ಪರವಾನಗಿ ಎಂದರೆ ಒಬ್ಬ ಕೈಯಲ್ಲಿ ಇಟ್ಟುಕೊಳ್ಳುವ ಕಾಗದ. ಅದು ವ್ಯಕ್ತಿಗೆ ಸಿಗುವಂಥದ್ದು. ಕೆಲಸಕ್ಕೆ ಸಿಗುವುದು ಬೇರೆ. ಇಂಗ್ಲಿಷಿನ 'ಕನ್ಸೆಂಟ್' ಲ್ಯಾಟಿನ್ನಿನಲ್ಲಿ 'ಜೊತೆಯಾಗಿ ಅನ್ನಿಸುವುದು'. ನಮ್ಮ 'ಸಮ್ಮತಿ' ಬಿಡಿಸಿದರೂ ಹೆಚ್ಚುಕಡಿಮೆ ಅದೇ, ಮನಸ್ಸು ಕೂಡುವುದು. ಸಮ್ಮತಿ ಭಾರವೆನಿಸಿದರೆ 'ಒಪ್ಪಿಗೆ' ಇದ್ದೇ ಇದೆ, ಅಪ್ಪಟ ಕನ್ನಡ. ಇಷ್ಟು ಚೆನ್ನಾದ ಎರಡು ಪದ ಮನೆಯಲ್ಲೇ ಇದ್ದೂ ಎರಡಕ್ಕೂ ಒಂದನ್ನೇ ಬಳಸುವುದು ನನಗೆ ಅರ್ಥವಾಗುವುದಿಲ್ಲ.

ನಮ್ಮ ಭಾವನ ಸೈಟಿನ ಕತೆ ಹೇಳಿದರೆ ಬೇಗ ತಿಳಿಯುತ್ತದೆ. ಮೂವತ್ತು ನಲವತ್ತರ ಸೈಟು. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಪಾರ್ಥೇನಿಯಂ, ಅದರ ನಡುವೆ ಯಾರದೋ ಎಮ್ಮೆ. ಖಾತೆ ಭಾವನ ಹೆಸರಿಗೆ, ಕಂದಾಯ ತಪ್ಪದೆ ಕಟ್ಟುತ್ತಿದ್ದರು. ಎಷ್ಟೋ ವರ್ಷ ಹಾಗೇ ಬಿದ್ದಿತ್ತು. ಕೊನೆಗೆ ಮನೆ ಕಟ್ಟಲು ಹೊರಟಾಗ ಪ್ಲಾನ್ ಪಾಸಾಗಲಿಲ್ಲ. ಪಕ್ಕಕ್ಕೆ ಬಿಡಬೇಕಾದ ಜಾಗ ಬಿಟ್ಟಿಲ್ಲ ಎಂದು ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ವಾಪಸು ಕಳಿಸಿದ್ದರು. ಭಾವ ಆ ನಕ್ಷೆಯನ್ನು ಊಟದ ಮೇಜಿನ ಮೇಲೆ ಬಿಚ್ಚಿ, ಬೆರಳಿನಿಂದ ಕುಟ್ಟಿ ಕುಟ್ಟಿ ಹೇಳಿದ್ದು ಒಂದೇ ಮಾತು: "ಸೈಟ್ ನಂದು ಕಣೋ. ಇನ್ಯಾರನ್ನ ಕೇಳ್ಬೇಕು?"

ಭಾವನ ಹತ್ತಿರ ಇದ್ದದ್ದು ಪರವಾನಗಿ. ಸಿಗದೆ ಹೋದದ್ದು ಒಪ್ಪಿಗೆ.

ಬ್ರಿಟನ್ನಿನ ಕಡಲಲ್ಲೂ ಲೆಕ್ಕ ಹೀಗೇ. ಅಲ್ಲಿನ 1998ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ನೆಲದಡಿಯ ತೈಲವೆಲ್ಲ ರಾಜಸತ್ತೆಯದು. ಅದನ್ನು 'ಹುಡುಕುವ, ಬೋರ್ ಹೊಡೆಯುವ, ಪಡೆಯುವ' ಹಕ್ಕನ್ನು ಸರ್ಕಾರ ಲೈಸೆನ್ಸ್ ಮೂಲಕ ಕೊಡುತ್ತದೆ. ಕಾಯ್ದೆಯಲ್ಲಿ ಇರುವ ಪದ ನಿಜಕ್ಕೂ ಬೋರಿಂಗ್ ಅಂತಲೇ. ಬೋರ್‌ವೆಲ್ ಲಾರಿ ಬಂದರೆ ಬೀದಿಗೆ ಬೀದಿಯೇ ಸೇರುವ ನಾಡಿನವರಿಗೆ ಇದು ಇಷ್ಟವಾಗಬೇಕು. ಲೈಸೆನ್ಸ್ ಸಿಕ್ಕಿತೆಂದರೆ ಸಮುದ್ರದ ಒಂದು ಚೌಕದಲ್ಲಿ ಬೇರೆಯವರು ಕಾಲಿಡುವಂತಿಲ್ಲ, ಅಷ್ಟೇ. ತೈಲ ಸಿಕ್ಕಮೇಲೆ ಅದನ್ನು ಮೇಲೆತ್ತುವ ಯೋಜನೆಗೆ ಮತ್ತೆ ಬೇರೆ ಕಾಗದ ಬೇಕು, ಪರಿಸರ ಪರಿಣಾಮದ ಅಧ್ಯಯನ ಬೇಕು. ಅದು ಕನ್ಸೆಂಟ್. ನಮ್ಮ ದೇಶದ 1959ರ ನಿಯಮಗಳಲ್ಲೂ ಹುಡುಕಲು ಲೈಸೆನ್ಸ್, ತೆಗೆಯಲು ಲೀಸ್ ಎಂದು ಎರಡು ಕಾಗದ ಇದ್ದವು. ಹೊಸ ವಿಚಾರವೇನಲ್ಲ.

ಈಗ ರೋಸ್‌ಬ್ಯಾಂಕ್. ಶೆಟ್‌ಲ್ಯಾಂಡ್ ದ್ವೀಪಗಳಿಂದ ವಾಯುವ್ಯಕ್ಕೆ ಸುಮಾರು 130 ಕಿಲೋಮೀಟರ್. ಅಂದರೆ ಅಟ್ಲಾಂಟಿಕ್‌ನಲ್ಲಿ, ಉತ್ತರ ಸಮುದ್ರದಲ್ಲಿ ಅಲ್ಲ. (ಇದನ್ನೂ ಎಲ್ಲರೂ ತಪ್ಪು ಬರೆಯುತ್ತಾರೆ, ಇರಲಿ.) ತೈಲ ಸಿಕ್ಕಿದ್ದು 2004ರಲ್ಲಿ. ತೆಗೆಯುವ ಒಪ್ಪಿಗೆ ಸಿಕ್ಕಿದ್ದು 2023ರ ಸೆಪ್ಟೆಂಬರ್‌ನಲ್ಲಿ. ನಡುವೆ 19 ವರ್ಷ ಅಲ್ಲಿ ಎಮ್ಮೆ ಮೇಯುತ್ತಿತ್ತು ಅಂದುಕೊಳ್ಳಿ. ಒಪ್ಪಿಗೆ ಕೊಟ್ಟದ್ದು ಕನ್ಸರ್ವೇಟಿವ್ ಸರ್ಕಾರದ ಕಾಲದಲ್ಲಿ. ಆಗ ವಿರೋಧ ಪಕ್ಷದಲ್ಲಿದ್ದ ಲೇಬರ್‌ನ ಎಡ್ ಮಿಲಿಬ್ಯಾಂಡ್ ಇದನ್ನು ವಾಯುಗುಣದ ಮೇಲಿನ ದಾಂಧಲೆ ಎಂದಿದ್ದರು.

2024ರ ಜುಲೈನಲ್ಲಿ ಲೇಬರ್ ಗೆದ್ದಿತು. ಅದರ ಪ್ರಣಾಳಿಕೆಯಲ್ಲಿ ಎರಡು ಮಾತು ಇದ್ದವು. ಹೊಸ ನಿಕ್ಷೇಪ ಹುಡುಕಲು ಹೊಸ ಲೈಸೆನ್ಸ್ ಕೊಡುವುದಿಲ್ಲ. ಈಗಾಗಲೇ ಕೊಟ್ಟ ಲೈಸೆನ್ಸ್ ಕಿತ್ತುಕೊಳ್ಳುವುದಿಲ್ಲ. ಎರಡರಲ್ಲೂ ಇರುವುದು ಲೈಸೆನ್ಸ್. ಕನ್ಸೆಂಟ್ ಬಗ್ಗೆ ಅಲ್ಲಿ ಏನೂ ಹೇಳಿರಲಿಲ್ಲ. ನಮ್ಮಲ್ಲಿ ಬಂದ ತರ್ಜುಮೆ "ಹೊಸ ತೈಲಕ್ಕೆ ಅನುಮತಿ ಇಲ್ಲ". ಮುಗೀತು.

ಲೇಬರ್ ಗೆಲ್ಲುವ ಕೆಲವೇ ದಿನ ಮೊದಲು, ಜೂನ್ 20ರಂದು, ಅಲ್ಲಿನ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಸರ‍್ರೆ ಜಿಲ್ಲೆಯ ಹಾರ್ಸ್ ಹಿಲ್ ಎಂಬಲ್ಲಿನ ಸಣ್ಣ ತೈಲ ಬಾವಿಯ ಮೇಲೆ ಸಾರಾ ಫಿಂಚ್ ಎಂಬ ಸ್ಥಳೀಯ ಹೋರಾಟಗಾರ್ತಿ ಹೂಡಿದ್ದ ಮೊಕದ್ದಮೆ. ತೈಲ ಮೇಲೆತ್ತುವಾಗ ಆಗುವ ಹೊಗೆ ಮಾತ್ರವಲ್ಲ, ಆ ತೈಲವನ್ನು ಮುಂದೆ ಎಲ್ಲೋ ಸುಟ್ಟಾಗ ಬರುವ ಹೊಗೆಯನ್ನೂ ಅಧ್ಯಯನದಲ್ಲಿ ಲೆಕ್ಕ ಹಾಕಬೇಕು ಎಂದು ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಹೇಳಿದರು. ಈ ಅಧ್ಯಯನ ಅಂಟಿಕೊಂಡಿರುವುದು ಒಪ್ಪಿಗೆಯ ಹಂತಕ್ಕೆ. ಹಾಗಾಗಿ ಏಟು ಬಿದ್ದದ್ದೂ ಒಪ್ಪಿಗೆಗೆ. ಗ್ರೀನ್‌ಪೀಸ್ ಮತ್ತು ಅಪ್‌ಲಿಫ್ಟ್ ಸಂಸ್ಥೆಗಳು ಹೂಡಿದ ಮೊಕದ್ದಮೆಯಲ್ಲಿ 2025ರ ಜನವರಿ ಕೊನೆಯಲ್ಲಿ ಎಡಿನ್‌ಬರಾದ ನ್ಯಾಯಾಲಯ, ರೋಸ್‌ಬ್ಯಾಂಕ್ ಮತ್ತು ಜ್ಯಾಕ್‌ಡಾ (ಇದು ಉತ್ತರ ಸಮುದ್ರದ ಅನಿಲ ನಿಕ್ಷೇಪ) ಎರಡರ ಒಪ್ಪಿಗೆಯೂ ಕಾನೂನುಬಾಹಿರ ಎಂದಿತು. ಹೊಸದಾಗಿ ಅರ್ಜಿ ಹಾಕಿ, ಅಲ್ಲಿಯವರೆಗೆ ಕಟ್ಟುವ ಕೆಲಸ ಮಾಡಿಕೊಳ್ಳಿ, ತೈಲ, ಅನಿಲ ಮಾತ್ರ ತೆಗೆಯಬೇಡಿ ಎಂದೂ ಹೇಳಿತು.

ಅದಕ್ಕೂ ಮುಂಚೆ, 2024ರ ಆಗಸ್ಟ್‌ನಲ್ಲಿ, ಈ ಒಪ್ಪಿಗೆಗಳನ್ನು ನ್ಯಾಯಾಲಯದಲ್ಲಿ ಸಮರ್ಥಿಸಿಕೊಳ್ಳುವುದಿಲ್ಲ ಎಂದು ಸರ್ಕಾರವೇ ಹೇಳಿತ್ತು. ಅದರ ಬೆನ್ನಿಗೇ ಸೇರಿಸಿತ್ತು: ಹಾಗೆಂದು ಲೈಸೆನ್ಸ್ ವಾಪಸು ಪಡೆದಂತಲ್ಲ. ನೋಡಿ, ಖುದ್ದು ಸರ್ಕಾರವೇ ಎರಡು ಪದವನ್ನು ಎರಡು ಕೈಯಲ್ಲಿ ಬೇರೆ ಬೇರೆ ಹಿಡಿದು ತೋರಿಸುತ್ತಿದೆ. ನಾವು ಮಾತ್ರ ಎರಡನ್ನೂ ಸೇರಿಸಿ ಕಲಸುತ್ತಿದ್ದೇವೆ.

ಇನ್ನು ಜೊತೆಗಾರರ ಜಗಳ. ಲೇಬರ್ ಪಕ್ಷ ಹುಟ್ಟಿದ್ದೇ ಕಾರ್ಮಿಕ ಸಂಘಗಳ ತೊಟ್ಟಿಲಲ್ಲಿ. ಯುನೈಟ್ ಸಂಘ 2024ರಲ್ಲಿ ತಂದ ಘೋಷಣೆ 'ನೋ ಬ್ಯಾನ್ ವಿದೌಟ್ ಎ ಪ್ಲಾನ್'. ಕೆಲಸಗಾರರಿಗೆ ಮುಂದೇನು ಎಂದು ಮೊದಲು ಹೇಳಿ, ಆಮೇಲೆ ನಿಷೇಧ. ಜಿಎಂಬಿ ಸಂಘದ್ದೂ ಅದೇ ದನಿ. ಇವರನ್ನು ತೈಲ ಕಂಪನಿಗಳ ಬಾಲ ಎಂದು ತಳ್ಳಿಹಾಕುವುದು ಸುಲಭ. 2025ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಸಂಸ್ಕರಣಾಗಾರ ಕಚ್ಚಾತೈಲ ಶುದ್ಧಿ ನಿಲ್ಲಿಸಿ ನೂರಾರು ಮಂದಿ ಮನೆಗೆ ಹೋದರು. ಅದನ್ನು ಕಣ್ಣಾರೆ ಕಂಡವರಿಗೆ 'ಹಸಿರು ಕೆಲಸ ಬರುತ್ತೆ' ಎಂಬ ಮಾತು ಎಷ್ಟು ಹೊಟ್ಟೆ ತುಂಬಿಸೀತು? ಆದರೆ ಇವರ ಪೇಚು ಇಲ್ಲಿದೆ: ಇವತ್ತು ಹೊಸ ಲೈಸೆನ್ಸ್ ಕೊಟ್ಟರೂ ಅಲ್ಲಿ ತೈಲ ಸಿಕ್ಕು, ಒಪ್ಪಿಗೆ ಸಿಕ್ಕು, ಕೆಲಸ ಹುಟ್ಟುವ ಹೊತ್ತಿಗೆ ಈಗಿನ ಅರ್ಧ ಮಂದಿ ನಿವೃತ್ತರಾಗಿರುತ್ತಾರೆ. ನಾಳೆಯ ಅನ್ನಕ್ಕೆ ಬೇಕಾದದ್ದು ಒಪ್ಪಿಗೆ. ಘೋಷಣೆ ಕೂಗುವುದು ಲೈಸೆನ್ಸಿಗೆ.

ಆ ಕಡೆಯೂ ಹೀಗೇ. ಕನ್ಸರ್ವೇಟಿವ್ ಪಕ್ಷದ ಕ್ರಿಸ್ ಸ್ಕಿಡ್‌ಮೋರ್ 2019ರಲ್ಲಿ ನೆಟ್ ಜೀರೋ (ಬಿಡುವ ಹೊಗೆಯೂ ಹೀರಿಕೊಳ್ಳುವ ಹೊಗೆಯೂ ಸರಿಸಮ ಆಗಬೇಕೆಂಬ ಗುರಿ) ಕಾನೂನಿಗೆ ಸಹಿ ಹಾಕಿದ ಸಚಿವರು. ಪ್ರತಿವರ್ಷ ಹೊಸ ಲೈಸೆನ್ಸಿಗೆ ಅರ್ಜಿ ಕರೆಯುವ ಮಸೂದೆಯನ್ನು ತಮ್ಮ ಪಕ್ಷವೇ ತಂದಾಗ 2024ರ ಜನವರಿಯಲ್ಲಿ ಪಕ್ಷವನ್ನೂ ಸಂಸದ ಸ್ಥಾನವನ್ನೂ ಬಿಟ್ಟರು. ಸರ್ಕಾರಕ್ಕೆ ಸಲಹೆ ಕೊಡುವ ವಾಯುಗುಣ ಸಮಿತಿ 2022ರ ಫೆಬ್ರವರಿಯಲ್ಲಿ ಇನ್ನೂ ನಾಜೂಕಾಗಿ ಬರೆದಿತ್ತು: ಹೊಸದಾಗಿ ಹುಡುಕುವುದು ಬೇಡ ಎಂಬ ಕಡೆಗೇ ವಾಲಬೇಕು, ಆದರೆ ಬ್ರಿಟನ್ ಹೆಚ್ಚುವರಿ ತೈಲ ತೆಗೆದರೆ ಜಗತ್ತಿನ ಹೊಗೆ ಎಷ್ಟು ಏರುತ್ತದೆ ಎಂಬ ಲೆಕ್ಕ ಅಷ್ಟು ಸ್ಪಷ್ಟವಿಲ್ಲ. ಎಲ್ಲರೂ ನೆಟ್ ಜೀರೋ ಬೇಕೆನ್ನುವವರೇ.

ಜಸ್ಟ್ ಸ್ಟಾಪ್ ಆಯಿಲ್ ಎಂಬ ಬ್ರಿಟನ್ನಿನ ಹೋರಾಟದ ಗುಂಪಿನವರು ಈ ವಿಷಯದಲ್ಲಿ ಮೊದಲು ಎಲ್ಲರಿಗಿಂತ ಚೊಕ್ಕವಾಗಿದ್ದರು. (ಹೆಸರನ್ನು 'ಎಣ್ಣೆ ನಿಲ್ಲಿಸಿ' ಎಂದು ಮಾತ್ರ ಅನುವಾದಿಸಬೇಡಿ, ಪಾನನಿಷೇಧ ಚಳವಳಿ ಆಗುತ್ತದೆ.) 2022ರ ಅವರ ಬೇಡಿಕೆಯಲ್ಲಿ ಲೈಸೆನ್ಸ್, ಕನ್ಸೆಂಟ್ ಎರಡೂ ಪದ ಇದ್ದವು. 2025ರ ಮಾರ್ಚ್‌ನಲ್ಲಿ, ನಮ್ಮ ಬೇಡಿಕೆ ಸರ್ಕಾರದ ನೀತಿಯಾಗಿದೆ ಎಂದು ಹೇಳಿ ಬೀದಿ ಹೋರಾಟಕ್ಕೆ ವಿದಾಯ ಹೇಳಿದರು. ಎರಡು ಪದದಲ್ಲಿ ಒಂದು ಗೆದ್ದಿತ್ತು. ಇನ್ನೊಂದು ಆಗಷ್ಟೇ ನ್ಯಾಯಾಲಯದಿಂದ ಹೊರಬಂದು ಮತ್ತೆ ಅರ್ಜಿಯ ಸಾಲಿನಲ್ಲಿ ನಿಂತಿತ್ತು. ಅವರ ಜೊತೆಗಿದ್ದ ಕೆಲವರಿಗೆ ಇದು ಗೆಲುವು ಅನ್ನಿಸಲಿಲ್ಲ ಎಂದರೆ ಆಶ್ಚರ್ಯವೇನು?

'ಹೊಸ' ಎಂಬ ಪುಟ್ಟ ಪದದಲ್ಲೂ ಇದೇ ಗಂಟು. ಕ್ಯಾಂಬೊ ನಿಕ್ಷೇಪದ ಗಲಾಟೆ ಎದ್ದ 2021ರಲ್ಲಿ ಬೋರಿಸ್ ಜಾನ್ಸನ್ ಸರ್ಕಾರ, ಇದರ ಲೈಸೆನ್ಸ್ 2001ರದ್ದು, ಇದು ಹೊಸದಲ್ಲ ಎಂದಿತ್ತು. ಒಂದು ಹನಿಯೂ ಮೇಲೆ ಬಂದಿಲ್ಲ, ಹೊಸದಲ್ಲದೆ ಮತ್ತೇನು ಎಂದರು ವಿರೋಧಿಗಳು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅದೇ ವರ್ಷ ನೆಟ್ ಜೀರೋ ದಾರಿಯ ನಕ್ಷೆ ಬರೆದಾಗ, ಅದುವರೆಗೆ ಒಪ್ಪಿಕೊಂಡ ಯೋಜನೆಗಳ ಆಚೆಗೆ ಹೊಸ ನಿಕ್ಷೇಪಗಳ ಅಭಿವೃದ್ಧಿಗೆ ಅದರಲ್ಲಿ ಜಾಗ ಇಟ್ಟಿರಲಿಲ್ಲ. ಗೆರೆ ಎಳೆದದ್ದು ಒಪ್ಪಿಗೆಯ ಹತ್ತಿರ, ಲೈಸೆನ್ಸಿನ ಹತ್ತಿರ ಅಲ್ಲ. ಆ ಅಳತೆಯಲ್ಲಿ ರೋಸ್‌ಬ್ಯಾಂಕ್ ಹೊಸದೇ. ಅಮೆರಿಕದಲ್ಲಿ ಲೈಸೆನ್ಸ್ ಜಾಗಕ್ಕೆ ಗುತ್ತಿಗೆ ಬರುತ್ತದೆ, ಜಗಳ ಬದಲಾಗುವುದಿಲ್ಲ. ಸರ್ಕಾರಿ ಜಾಗದಲ್ಲಿ ಹೊಸ ಬಾವಿ ಇಲ್ಲ ಎಂದು ಮಾತು ಕೊಟ್ಟಿದ್ದ ಬೈಡನ್, 2023ರ ಮಾರ್ಚ್‌ನಲ್ಲಿ ಅಲಾಸ್ಕಾದ ವಿಲ್ಲೋ ಯೋಜನೆಗೆ ಹಸಿರು ಬಾವುಟ ತೋರಿಸಿದರು. ಕಂಪನಿಯ ಕೈಯಲ್ಲಿ ಹಳೇ ಗುತ್ತಿಗೆ ಇತ್ತು ಎಂಬುದೇ ಸಮಜಾಯಿಷಿ.

2025ರ ನವೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಇನ್ನೊಂದು ಕಾಗದ ಸೇರಿಸಿತು. ಹೊಸ ನಿಕ್ಷೇಪಕ್ಕೆ ಲೈಸೆನ್ಸ್ ಇಲ್ಲ ಎಂಬ ಮಾತು ಹಾಗೇ ಉಳಿಯಿತು. ಆದರೆ ಈಗಿರುವ ನಿಕ್ಷೇಪದ ಪಕ್ಕದಲ್ಲೇ, ಹೊಸದಾಗಿ ಹುಡುಕುವ ಕೆಲಸವಿಲ್ಲದೆ, ಹಳೆಯ ವ್ಯವಸ್ಥೆಗೇ ಪೈಪು ಜೋಡಿಸಿ ತೆಗೆಯುವುದಾದರೆ 'ಸರ್ಟಿಫಿಕೇಟ್' ಕೊಡುತ್ತಾರಂತೆ. ಲೈಸೆನ್ಸ್ ಅಲ್ಲ, ನೆನಪಿರಲಿ. ಆ ಜೋಡಣೆಗೆ ಅಲ್ಲಿಯವರು ಹೇಳುವುದು ಟೈಬ್ಯಾಕ್. ನಮ್ಮ ಸುದ್ದಿಯಲ್ಲಿ ಇದಕ್ಕೂ ಪರವಾನಗಿ ಅಂತಲೇ ಬರುತ್ತದೆ, ಬರೆದಿಟ್ಟುಕೊಳ್ಳಿ.

ಅಂದಹಾಗೆ ಭಾವನ ಮನೆ ಎದ್ದು ನಿಂತು ಈಗ ಮೂರು ವರ್ಷ. ಮೊನ್ನೆ ಹೋದಾಗ ತಾರಸಿಯ ಮೇಲೆ ಇಟ್ಟಿಗೆ ಬಂದು ಬಿದ್ದಿತ್ತು. ಪ್ಲಾನ್ ತೋರಿಸಿದ್ದೀರಾ ಭಾವ ಅಂದೆ. "ಹೊಸ ಮನೆ ಅಲ್ವಲ್ಲೋ. ಇರೋ ಮನೆಗೇ ಒಂದು ರೂಮು" ಅಂದರು.