ನೇಪಲ್ಸ್‌ನ ಬೀದಿಯನ್ನೇ ಚಿತ್ರವಾಗಿಸಿದ ಎಲ್ವಿರಾ ನೊತಾರಿ

1922ರ ಮೂಕಿಚಿತ್ರ ‘ಆ ಸಂತನೊತ್ತೆ’. ನನ್ನಿನೆಲ್ಲಾ ಎಂಬ ಹುಡುಗಿ ಕಾಫಿ ಅಂಗಡಿಯಲ್ಲಿ ದುಡಿಯುತ್ತಾಳೆ. ಕುಡುಕ ತಂದೆ ಅವಳನ್ನು ಬಡಿಯುತ್ತಾನೆ. ಕೊನೆಗೆ ಮದುವೆಯ ದಿನವೇ ಕೈಹಿಡಿದವನು ಅವಳನ್ನು ಕೊಲ್ಲುತ್ತಾನೆ. ನೋಡುಗರನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸುವ ಆತುರ ಇಲ್ಲಿ ಕಾಣುವುದಿಲ್ಲ.

ಇದನ್ನು ತೆಗೆದವರು ಎಲ್ವಿರಾ ನೊತಾರಿ, ಇಟಲಿಯ ಮೊದಲ ನಿರ್ದೇಶಕಿ. 1875ರಲ್ಲಿ ಸಲೆರ್ನೊದಲ್ಲಿ ಹುಟ್ಟಿದವರು. ಪತಿ ನಿಕೋಲಾ ಛಾಯಾಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರು. ದಂಪತಿ ನೇಪಲ್ಸ್‌ನಲ್ಲಿ ಕಟ್ಟಿದ ಸಂಸ್ಥೆಗೆ ಮಗಳ ಹೆಸರನ್ನೇ ಇಟ್ಟರು: ಡೋರಾ ಫಿಲ್ಮ್. ಕಥೆ, ನಿರ್ದೇಶನ ಎಲ್ವಿರಾ ಅವರದು. ಕ್ಯಾಮೆರಾ ನಿಕೋಲಾ ಅವರದು. ಮಗ ಎದುವಾರ್ದೊ ‘ಜೆನ್ನಾರಿಯೆಲ್ಲೊ’ ಎಂಬ ಹೆಸರಿನಲ್ಲಿ ಚಿತ್ರದಿಂದ ಚಿತ್ರಕ್ಕೆ ಬರುತ್ತಿದ್ದ. ಫಿಲ್ಮಿನ ಚೌಕಟ್ಟುಗಳಿಗೆ ಮನೆಯವರೇ ಕೈಯಾರೆ ಬಣ್ಣ ಹಚ್ಚುತ್ತಿದ್ದರು. ಹೀಗೆ 1930ರವರೆಗೆ ಸುಮಾರು 60 ಕಥಾಚಿತ್ರಗಳು, 100ಕ್ಕೂ ಹೆಚ್ಚು ಕಿರುಚಿತ್ರಗಳು ಹೊರಬಂದವು.

ಆಗ ಇಟಲಿಯ ಹೆಸರು ಮೆರೆಸುತ್ತಿದ್ದದ್ದು 1914ರ ‘ಕಬೀರಿಯಾ’ದಂತಹ ಪುರಾತನ ವೈಭವದ ಚಿತ್ರಗಳು. ಎಲ್ವಿರಾ ಮಾತ್ರ ಕ್ಯಾಮೆರಾವನ್ನು ನೇಪಲ್ಸ್‌ನ ಓಣಿಗಳಿಗೆ ಒಯ್ದರು. ಜನಪ್ರಿಯ ನೇಪಲ್ಸ್ ಹಾಡುಗಳಿಂದ ಕಥೆ ಹೆಣೆದರು. ಪರದೆಯ ಮೇಲೆ ಚಿತ್ರ ಓಡುವಾಗ ಗಾಯಕರು ಚಿತ್ರಮಂದಿರದಲ್ಲೇ ನಿಂತು ಅದೇ ಹಾಡನ್ನು ಹಾಡುತ್ತಿದ್ದರು. ಮೂಕಿ ಎಂಬ ಮಾತು ಈ ಚಿತ್ರಗಳಿಗೆ ಅರ್ಧ ಮಾತ್ರ ಸರಿ.

ಈ ಚಿತ್ರಗಳು ನ್ಯೂಯಾರ್ಕ್‌ಗೂ ಹೋದವು. ಊರು ಬಿಟ್ಟು ಹೋದ ಇಟಲಿಯ ವಲಸಿಗರು ಅಲ್ಲಿ ತಮ್ಮದೇ ಓಣಿ, ತಮ್ಮದೇ ನುಡಿಯ ಹಾಡನ್ನು ಕಂಡು ಕೇಳಿದರು. ತಮ್ಮ ಹುಟ್ಟೂರನ್ನು ಚಿತ್ರೀಕರಿಸಿ ಕಳುಹಿಸಿರೆಂದು ಹಣ ಕೊಟ್ಟವರೂ ಇದ್ದರು.

ಆದರೆ ಫ್ಯಾಸಿಸ್ಟ್ ಆಡಳಿತಕ್ಕೆ ಬಡತನ, ಅಪರಾಧ, ಆಡುನುಡಿ ಯಾವುದೂ ಸಹ್ಯವಾಗಲಿಲ್ಲ. ಸೆನ್ಸಾರ್ ಕತ್ತರಿ ಬಿಗಿಯಾಯಿತು. ಅಷ್ಟರಲ್ಲಿ ಟಾಕಿಯೂ ಬಂದಿತು. ಅದರ ಖರ್ಚನ್ನು ತಾಳಿಕೊಳ್ಳುವುದು ಒಂದು ಕುಟುಂಬದ ಕೈಯಲ್ಲಿ ಆಗುವಂಥದ್ದಲ್ಲ. 1930ರಲ್ಲಿ ಡೋರಾ ಫಿಲ್ಮ್ ಮುಚ್ಚಿತು. 1946ರಲ್ಲಿ ಎಲ್ವಿರಾ ತೀರಿಕೊಂಡರು.

ಅದೇ ಹೊತ್ತಿಗೆ ಇಟಲಿಯ ನವವಾಸ್ತವವಾದಿ ನಿರ್ದೇಶಕರು ಬೀದಿಯಲ್ಲಿ ಚಿತ್ರೀಕರಿಸಿದ್ದಕ್ಕಾಗಿ ಜಗತ್ತಿನ ಮೆಚ್ಚುಗೆ ಪಡೆಯುತ್ತಿದ್ದರು. ಎರಡು ದಶಕ ಮೊದಲೇ ಆ ಕೆಲಸ ಮಾಡಿದವರ ಹೆಸರು ಚರಿತ್ರೆಯಲ್ಲಿ ಕಾಣೆಯಾಗಿತ್ತು. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. 1993ರಲ್ಲಿ ಪ್ರಕಟವಾದ ಜೂಲಿಯಾನಾ ಬ್ರೂನೊ ಅವರ ಅಧ್ಯಯನ ಆ ಹೆಸರನ್ನು ಮರಳಿ ಚರ್ಚೆಗೆ ತಂದಿತು. ಅಷ್ಟೂ ಕಥಾಚಿತ್ರಗಳಲ್ಲಿ ನೋಡಲು ಉಳಿದಿರುವುದು ಮೂರು: ‘ಆ ಸಂತನೊತ್ತೆ’, ‘ಎ ಪಿಚ್ಚೆರೆಲ್ಲಾ’, ‘ಫಾಂತಸೀಯಾ ಎ ಸುರ್ದಾತೊ’.