ಬೆಟ್ಟ ಹತ್ತಲಾಗದವರಿಗೆ ಹೊಳೆಬದಿಯ ದಾರಿ

ಪ್ರಶ್ನೆ: ನಾವು ಮಣಿಪಾಲದಲ್ಲಿ ಇರುವವರು. ಅಮ್ಮನಿಗೆ ಮೊಣಗಂಟು ನೋವು, ಮಗಳಿಗೆ ಏಳು ವರ್ಷ. ಘಟ್ಟ ಹತ್ತುವುದು ನಮ್ಮಿಂದ ಆಗದ ಮಾತು. ಗದ್ದೆ, ಹೊಳೆ, ಹಳ್ಳಿಮನೆ ನೋಡುತ್ತ ಎರಡು ಗಂಟೆ ನಿಧಾನವಾಗಿ ನಡೆಯಬಹುದಾದ ದಾರಿ ಹತ್ತಿರದಲ್ಲಿ ಎಲ್ಲಿದೆ? ಹುಡುಕುವುದು ಹೇಗೆ?

ಉತ್ತರ: ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತು ಕೆಳಗೆ ಬಳುಕಿಕೊಂಡು ಹೋಗುವ ಸ್ವರ್ಣಾ ನದಿಯನ್ನು ನೀವು ನೋಡಿಯೇ ಇರುತ್ತೀರಿ. ಅದನ್ನೇ ಹಿಡಿದು ಪಡುವಣಕ್ಕೆ ಹೋಗಿ. ಕಲ್ಯಾಣಪುರ ದಾಟಿದ ಮೇಲೆ ಹೊಳೆ ಅಗಲವಾಗುತ್ತದೆ, ಕೆಮ್ಮಣ್ಣಿನ ಹತ್ತಿರ ಕವಲೊಡೆದು ನಡುನಡುವೆ ಕುದ್ರುಗಳನ್ನು, ಅಂದರೆ ದ್ವೀಪಗಳನ್ನು, ಬಿಟ್ಟುಕೊಂಡು ಹರಿಯುತ್ತದೆ. ಅಮ್ಮನ ಕಾಲಿಗೆ ಒಗ್ಗುವ ನೆಲ ಅದು.

ಚಾರಣ ಎಂದರೆ ಕುದುರೆಮುಖ, ಕೊಡಚಾದ್ರಿ ಎಂದೇ ನಮ್ಮಲ್ಲಿ ರೂಢಿಯಾಗಿದೆ. ಅಲ್ಲಿಗಾದರೆ ಅನುಮತಿ, ಬುಕಿಂಗ್ ಎಲ್ಲ ಬೇಕು. ಹೊಳೆಬದಿಯ ದಾರಿಗೆ ಹೆಸರಿಲ್ಲ, ಫಲಕವಿಲ್ಲ, ಟಿಕೆಟ್ಟಿಲ್ಲ. ಶಾಲೆಗೆ, ಡೈರಿಗೆ, ದೈವಸ್ಥಾನಕ್ಕೆ ಊರವರು ನಡೆದು ನಡೆದು ಸವೆಸಿದ ದಾರಿ ಅದು. ಹಾಗಾಗಿ ಮೊದಲು ಹುಡುಕುವ ಬಗೆ ಹೇಳುತ್ತೇನೆ.

ಊರಿನ ಹೆಸರನ್ನು ಓದಿ. ನಮ್ಮ ಕಡೆ ಗದ್ದೆಗಳಲ್ಲಿ ಮೂರು ಬಗೆ. ತೀರ ತಗ್ಗಿನದು ಬೈಲು, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಮಜಲು, ಮಳೆನೀರನ್ನೇ ನಂಬಿದ ಎತ್ತರದ್ದು ಬೆಟ್ಟು. ನೀರು ನಿಲ್ಲುವ ಬೈಲಿನಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಿದ್ದರು. ಬೆಟ್ಟಿನಲ್ಲಿ ಏಣೇಲು ಒಂದೇ. ಬೈಲೂರು, ಕುಂಜಿಬೆಟ್ಟು ಎಂದು ದಿನವೂ ಬಸ್ಸಿನಲ್ಲಿ ಕೇಳುವ ಹೆಸರುಗಳಲ್ಲಿ ನೆಲದ ಏರುತಗ್ಗು ಅಡಗಿದೆ. ಪದವು ಎಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು ದಿಬ್ಬ, ನೆರಳು ಕಡಿಮೆ. ಮಂಗಳೂರಿನ ಪದವಿನಂಗಡಿಯನ್ನು ನೆನಪಿಸಿಕೊಳ್ಳಿ. ಕುದ್ರು ಹೊಳೆನಡುವಿನ ದ್ವೀಪ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿದ ಹೊಯ್ಗೆಯ (ಮರಳಿನ) ಪಟ್ಟಿ. ಬೈಲು, ಕುದ್ರು, ಬೆಂಗ್ರೆ ಸಿಕ್ಕಿದಲ್ಲಿ ದಾರಿ ಸಪಾಟಾಗಿರುತ್ತದೆ. ತೋಡು ದಾಟುವ ಕಿರುಸೇತುವೆಯಾದ ಕಾಲುಸಂಕವನ್ನೂ ಗದ್ದೆಯ ಬದುವಾದ ಕಟ್ಟಪುಣಿಯನ್ನೂ ಮೊಬೈಲಿನ ನಕ್ಷೆ ತೋರಿಸುವುದು ಅಪರೂಪ. ಹೆಸರು ನೋಡಿ ಊರು ಆರಿಸಿ, ಮಿಕ್ಕಿದ್ದನ್ನು ಅಲ್ಲಿಯ ಅಂಗಡಿಯಲ್ಲಿ ಕೇಳಿ.

ಕೇಳುವಾಗಲೂ ಒಂದು ಕ್ರಮವಿದೆ. "ಎಷ್ಟು ದೂರ?" ಎಂದರೆ "ಇಲ್ಲೇ, ಹತ್ತಿರ" ಎಂಬ ಉತ್ತರವೇ ಬರುತ್ತದೆ, ಅದು ಅರ್ಧ ಕಿಲೋಮೀಟರೂ ಆದೀತು, ಮೂರೂ ಆದೀತು. "ಈಗ ಆಚೆ ದಾಟಬಹುದಾ? ಅಮ್ಮನಿಗೆ ಕಾಲುನೋವು" ಎಂದು ಕೇಳಿ ನೋಡಿ. ಸಂಕ ಗಟ್ಟಿ ಇದೆಯೋ, ತೋಡಿನಲ್ಲಿ ನೀರೆಷ್ಟು, ಯಾರ ಮನೆಯಲ್ಲಿ ನಾಯಿ ಬಿಟ್ಟಿರುತ್ತಾರೆ ಎಂಬುದನ್ನೆಲ್ಲ ಅವರಾಗಿಯೇ ಹೇಳುತ್ತಾರೆ.

ಮೊದಲ ನಡಿಗೆಗೆ ನಾನು ಹೇಳುವುದು ಕೆಮ್ಮಣ್ಣಿನ ತಿಮ್ಮಣ್ಣಕುದ್ರು. ತೂಗುಸೇತುವೆ ದಾಟಿ ಕುದ್ರುವಿಗೆ ಇಳಿಯಬೇಕು. ನನ್ನ ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನಾಲ್ಕು ಹೆಜ್ಜೆಗೇ ಸೇತುವೆ ತೂಗತೊಡಗಿ, ಅವರು ಎರಡೂ ಕೈಯಲ್ಲಿ ತಂತಿ ಹಿಡಿದು ನಿಂತುಬಿಟ್ಟರು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎದುರಿನಿಂದ ಬಂದ ಹೆಂಗಸೊಬ್ಬರು ಬದಿಗೆ ಸರಿದು, "ಅಕ್ಕಾ, ಇಬ್ಬರೂ ಒಂದೇ ತಾಳದಲ್ಲಿ ಕಾಲು ಹಾಕಬೇಡಿ, ಕೆಳಗೆ ನೀರು ನೋಡಬೇಡಿ, ಆಚೆಯ ತೆಂಗಿನ ಮರ ನೋಡಿ" ಎಂದರು. ಅವರು ಹೇಳಿದ್ದು ಸರಿ. ಇಬ್ಬರ ಹೆಜ್ಜೆ ಕೂಡಿದರೆ ಸೇತುವೆಯ ತೂಗಾಟ ಹೆಚ್ಚುತ್ತದೆ, ಹೆಜ್ಜೆ ತಪ್ಪಿಸಿ ನಡೆದರೆ ತಗ್ಗುತ್ತದೆ. ನಾನು ಹತ್ತು ಹೆಜ್ಜೆ ಹಿಂದೆ ಉಳಿದೆ, ಅಮ್ಮ ಮರ ನೋಡಿಕೊಂಡು ದಾಟಿದರು. ಒಮ್ಮೆಗೆ ಇಷ್ಟೇ ಜನ ಎಂದು ಅಲ್ಲಿ ಬರೆದಿದ್ದರೆ ಅದನ್ನು ಮೀರಬೇಡಿ, ಮಗಳಿಗೆ ಸೇತುವೆ ಮೇಲೆ ಕುಣಿಯಲು ಬಿಡಬೇಡಿ.

ಆಚೆ ಇಳಿದರೆ ತೆಂಗಿನ ತೋಟದ ನೆರಳು. ನೀರು ಇಳಿದ ಹೊತ್ತಾದರೆ ಹೊಳೆಯಲ್ಲಿ ಸೊಂಟದವರೆಗೆ ನಿಂತು ಕಾಲಿನಲ್ಲಿ ತಡವುತ್ತ ಮರ್ವಾಯಿ (ಚಿಪ್ಪುಮೀನು) ಹೆಕ್ಕುವವರು ಕಾಣಸಿಗುತ್ತಾರೆ. ಒಂದು ಬುಟ್ಟಿ ತುಂಬಲು ಎಷ್ಟು ಹೊತ್ತು ಬಗ್ಗಬೇಕು ಎಂಬುದನ್ನು ಮಗಳು ಕಣ್ಣಾರೆ ನೋಡಲಿ.

ಎರಡನೆಯದು ಹೂಡೆಯಿಂದ ಕೋಡಿಬೆಂಗ್ರೆಯ ಕಡೆಗೆ. ಬಡಗು ದಿಕ್ಕಿಗೆ ನಡೆದರೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಮನೆಗಳು, ಬಲೆ ಒಣಹಾಕಿದ ಅಂಗಳಗಳು. ತುದಿಯಲ್ಲಿ ಸ್ವರ್ಣಾ, ಸೀತಾ ಎರಡೂ ಕೂಡಿ ಕಡಲು ಸೇರುತ್ತವೆ. ಇಡೀ ದೂರ ನಡೆಯುವುದು ಅಮ್ಮನಿಗೆ ಬೇಡ. ತುದಿಯ ಹತ್ತಿರದವರೆಗೆ ವಾಹನದಲ್ಲಿ ಹೋಗಿ ಕೊನೆಯ ಒಂದೆರಡು ಕಿಲೋಮೀಟರ್ ನಡೆಯಿರಿ, ಅದೂ ರಸ್ತೆಯಲ್ಲೇ. ಹೊಯ್ಗೆ ಮೆತ್ತಗೆ ಕಂಡರೂ ಕಾಲು ಹೂತು ಹೂತು ಮೊಣಗಂಟನ್ನು ಬಳಲಿಸುತ್ತದೆ.

ಕಟಪಾಡಿಯಿಂದ ಪಡುವಣಕ್ಕಿರುವ ಮಟ್ಟು ಮಗಳಿಗೆ ಇಷ್ಟವಾದೀತು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟುಗುಳ್ಳ ಬೆಳೆಯುವುದು ಅಲ್ಲಿಯೇ. ತಿಳಿಹಸಿರು ಮೈಗೆ ಬಿಳಿಗೆರೆ, ಚೆಂಡಿನ ಹಾಗೆ ದುಂಡು, ತೊಟ್ಟಿನಲ್ಲಿ ಮುಳ್ಳು. ಗಿಡದಲ್ಲಿ ನೋಡಿದ ಗುಳ್ಳವನ್ನೇ ಕೊಂಡು ತಂದು ಮನೆಯಲ್ಲಿ ಸಾಂಬಾರು ಮಾಡಿ. ಗದ್ದೆಗೆ ಕಾಲಿಡುವ ಮೊದಲು ಕೇಳಿಯೇ ಇಡಿ, ಹುಣಿಯ (ಬದುವಿನ) ಮೇಲಿನ ಎಳೆಗಿಡ ಒಂದು ತುಳಿತಕ್ಕೆ ಹೋಗುತ್ತದೆ. ರೈಲಿನಲ್ಲಿ ಹೋಗುವ ಆಸೆಯಿದ್ದರೆ ಸೀತಾ ನದಿಯ ಬಳಿಯ ಬಾರ್ಕೂರಿದೆ. ಆಳುಪರ ರಾಜಧಾನಿಯಾಗಿದ್ದ ಊರು, ಕತ್ತಲೆ ಬಸದಿಯನ್ನು ನೋಡಿ ಗದ್ದೆಬದಿ ಹಿಡಿಯಬಹುದು. ಹಳಿಯ ಮೇಲೆ, ರೈಲು ಸೇತುವೆಯ ಮೇಲೆ ಮಾತ್ರ ನಡೆಯಲೇಬೇಡಿ. ಮಂಗಳೂರಿನ ಕಡೆ ನೆಂಟರ ಮನೆಗೆ ಹೋದಾಗ ನಂದಿನಿ, ಶಾಂಭವಿ ಎರಡೂ ಕಡಲು ಸೇರುವ ಸಸಿಹಿತ್ಲು ನೋಡಿಕೊಂಡು ಬನ್ನಿ.

ಇನ್ನು ಹೊತ್ತಿನ ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಡಲಿಗೆ ಹತ್ತಿರದ ಹೊಳೆಯಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಆ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಏರಿಕೆ ಜೋರು. ಒಮ್ಮೆ ಹೋಗುವಾಗ ಒಣಗಿದ್ದ ದಂಡೆಯ ದಾರಿ ಎರಡು ಗಂಟೆ ಕಳೆದು ಬರುವಾಗ ಪಾದ ಮುಳುಗುವಷ್ಟು ನೀರಾಗಿ, ಎಲ್ಲಿ ದಾರಿ ಎಲ್ಲಿ ಹೊಂಡ ಗೊತ್ತಾಗದೆ ನಾನು ದೂರದ ಸುತ್ತು ಹಾಕಿ ಬರಬೇಕಾಯಿತು. ಜೊತೆಯಲ್ಲಿ ಮಗುವಿದ್ದಿದ್ದರೆ ಏನು ಗತಿ ಎಂದು ಈಗಲೂ ಅನ್ನಿಸುತ್ತದೆ. ಮೀನಿಗೆ ಹೋಗುವವರನ್ನು ಕೇಳಿದರೆ ಆ ದಿನದ ಏರಿಳಿತವನ್ನು ಬಾಯಲ್ಲೇ ಹೇಳುತ್ತಾರೆ.

ಒಳನಾಡಿನ ಕಡೆ ಕಿಂಡಿ ಅಣೆಕಟ್ಟುಗಳನ್ನು ಗಮನಿಸಿ. ಮಳೆ ನಿಂತ ಮೇಲೆ ಕಿಂಡಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮಳೆಗಾಲದ ಮೊದಲು ತೆಗೆಯುತ್ತಾರೆ. ಹಲಗೆ ಬಿದ್ದ ಮೇಲೆ ಸುತ್ತಲಿನ ಬಾವಿಗಳಲ್ಲಿ ನೀರೇರುತ್ತದೆ. ಆದರೆ ಅಕ್ಟೋಬರಿನಲ್ಲಿ ನೀವು ಕಲ್ಲಿನ ಮೇಲೆ ಕಾಲಿಟ್ಟು ದಾಟಿದ ಜಾಗ ಜನವರಿಯಲ್ಲಿ ಆಳದ ಮಡು ಆಗಿರುತ್ತದೆ. ಹೋದ ಸಲದ ನೆನಪನ್ನು ನಂಬಿ ನೀರಿಗೆ ಇಳಿಯಬೇಡಿ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಬೆಳಗ್ಗೆ ಏಳಕ್ಕೆ ಹೊರಟು ಒಂಬತ್ತೂವರೆಗೆ ಮುಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಬದಿ ಬೇಡವೇ ಬೇಡ. ಕಾಲುಸಂಕ ದಾಟುವಾಗ ಶಾಲೆಮಕ್ಕಳು ಜೀವ ಕಳೆದುಕೊಂಡ ಜಿಲ್ಲೆ ನಮ್ಮದು. ಮುರಕಲ್ಲಿನ ಮೇಲೆ ಹಾವಸೆ ಕಟ್ಟಿ ಜಾರುತ್ತದೆ, ಗದ್ದೆನೀರಿಗೆ ಗಾಯದ ಕಾಲು ಇಟ್ಟರೆ ಇಲಿಜ್ವರದ ಭಯವೂ ಇದೆ.

ಕಟ್ಟಪುಣಿಯ ಮೇಲೆ ಅಮ್ಮನನ್ನು ನಡೆಸಬೇಡಿ. ಒಂದು ಪಾದದಷ್ಟೇ ಅಗಲ, ಕಾಲು ಹೊರಳಿದರೆ ಹಿಡಿಯಲು ಏನೂ ಇಲ್ಲ. ಮಗಳ ಜೊತೆ ನೀವು ಹೋಗಿ ಬನ್ನಿ, ಅಮ್ಮ ಗೋಳಿಮರದ ಕಟ್ಟೆಯಲ್ಲಿ ಬೊಂಡ (ಎಳನೀರು) ಕುಡಿಯುತ್ತ ಕೂತಿರಲಿ. ಕೆಲವು ಕಡೆ ದಾರಿ ಮನೆಯವರ ಅಂಗಳದ ಮೂಲಕವೇ ಹಾಯುತ್ತದೆ. "ಓಡೆ ಪೋಪುನಿ?" (ಎಲ್ಲಿಗೆ ಹೋಗುವುದು?) ಎಂದು ಜಗಲಿಯಿಂದ ಕೇಳಿದರೆ ನಿಂತು ಉತ್ತರ ಕೊಡಿ, ತುಳು ಬಾರದಿದ್ದರೆ ಕನ್ನಡದಲ್ಲೇ ಹೇಳಿ. ಅಡಿಕೆ ಒಣಹಾಕಿದ್ದರೆ ಬದಿಯಿಂದ ಹೋಗಿ, ನಾಗಬನದ ಒಳಗೆ ಹೋಗಬೇಡಿ. ಬೇಲಿಯ ತಡಮೆಗೆ ಅಡ್ಡ ಇಟ್ಟ ಕೋಲು ಸರಿಸಿದ್ದರೆ ದಾಟಿದ ಮೇಲೆ ಮರಳಿ ಇಡಿ, ಇಲ್ಲವಾದರೆ ಸಂಜೆಯೊಳಗೆ ದನ ತೋಟ ಹೊಕ್ಕಿರುತ್ತದೆ.