ಬೀಗವಿಲ್ಲದ ಕಣಜ

'ನನ್ನ ದತ್ತಾಂಶ ಎಲ್ಲರಿಗೂ ಕೊಟ್ಟುಬಿಟ್ಟರೆ ಇನ್ಯಾರೋ ಅದರಲ್ಲಿ ಹೆಸರು ಮಾಡಿಕೊಳ್ಳುತ್ತಾರೆ' ಎಂಬ ಅಳುಕು ಜೀವವಿಜ್ಞಾನಿಗಳಲ್ಲಿ ಹಳೆಯದು. ಮಾಡಿಕೊಳ್ಳಲಿ ಬಿಡಿ ಎನ್ನಿಸುತ್ತದೆ ನನಗೆ, 1983ರ ಕತೆ ನೆನಪಾದಾಗಲೆಲ್ಲ.

ಮಂಗಗಳಲ್ಲಿ ಕ್ಯಾನ್ಸರ್ ಗಡ್ಡೆ ತರುವ ವೈರಸ್ಸೊಂದರ ಜೀನನ್ನು ಒಂದು ತಂಡ ಅಕ್ಷರ ಅಕ್ಷರವಾಗಿ ಓದಿಟ್ಟಿತ್ತು. ಗಾಯವಾದಾಗ ಪ್ಲೇಟ್‌ಲೆಟ್‌ಗಳು ಸುರಿಸುವ, ಕೋಶಗಳಿಗೆ 'ಇಬ್ಭಾಗವಾಗಿ, ಬೆಳೆಯಿರಿ' ಎನ್ನುವ ಪ್ರೋಟೀನೊಂದರ ತುಣುಕುಗಳನ್ನು ಬೇರೆಯವರು ಓದಿದ್ದರು. ಕ್ಯಾಲಿಫೋರ್ನಿಯಾದ ಜೀವರಸಾಯನ ವಿಜ್ಞಾನಿ ರಸೆಲ್ ಡೂಲಿಟಲ್ ತಾವು ಕಂಪ್ಯೂಟರಿನಲ್ಲಿ ಕೂಡಿಹಾಕಿದ್ದ ಸರಣಿಗಳ, ಅಂದರೆ ಇಂಥ ಅಕ್ಷರಮಾಲೆಗಳ, ನಡುವೆ ಹುಡುಕಿದರು. ವೈರಸ್ಸಿನ ಜೀನು ಬರೆಯುವ ಪ್ರೋಟೀನೂ ಪ್ಲೇಟ್‌ಲೆಟ್‌ಗಳ ಪ್ರೋಟೀನೂ ಹೆಚ್ಚುಕಡಿಮೆ ಒಂದೇ! ಅದೇ ಹೊತ್ತಿಗೆ ಲಂಡನ್ನಿನ ತಂಡವೊಂದಕ್ಕೂ ಇದು ಕಂಡಿತ್ತು. ಕ್ಯಾನ್ಸರ್ ಜೀನು ಎಲ್ಲಿಂದಲೋ ಬಂದ ರಾಕ್ಷಸನಲ್ಲ, ದೇಹದ್ದೇ ಬೆಳವಣಿಗೆಯ ಆಜ್ಞೆ ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತಿದೆ, ಅಷ್ಟೆ. ಈ ಹೋಲಿಕೆ ಕಾಣಲು ಯಾರೂ ಪಿಪೆಟ್ ಮುಟ್ಟಬೇಕಾಗಲಿಲ್ಲ.

ಇಂಥ ಸಂಗ್ರಹದ ದಾರಿ ತೋರಿದವರು ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಡೇಹಾಫ್. 1965ರಲ್ಲಿ ಅವರು ಅಚ್ಚುಹಾಕಿಸಿದ ಪುಸ್ತಕದಲ್ಲಿದ್ದುದು 65 ಪ್ರೋಟೀನುಗಳು. ಪ್ರೋಟೀನುಗಳ ಆಕಾರ ಕೂಡಿಡುವ ಬ್ಯಾಂಕು 1971ರಲ್ಲಿ ಶುರುವಾದಾಗ ಅದರಲ್ಲಿದ್ದುದು ಬರೀ ಏಳು. ಈಗ ಎರಡು ಲಕ್ಷ ದಾಟಿದೆ. ಪ್ರೋಟೀನಿನ ಆಕಾರ ಊಹಿಸುವ ಕೃತಕ ಬುದ್ಧಿಮತ್ತೆ ಆಲ್ಫಾಫೋಲ್ಡ್ ಪಾಠ ಕಲಿತದ್ದು ಆ ರಾಶಿಯಿಂದಲೇ. ಅಮೆರಿಕದ ಜೀನ್ ಸರಣಿಗಳ ಕಣಜವಾದ 1982ರ ಜೆನ್‌ಬ್ಯಾಂಕ್, ಯುರೋಪಿನ ಮತ್ತು ಜಪಾನಿನ ಕಣಜಗಳು ದಿನವೂ ಹೊಸ ಸರಣಿಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ.

ಇಷ್ಟು ದೊಡ್ಡ ರಾಶಿಯಲ್ಲಿ ನೆಂಟರನ್ನು ಹುಡುಕುವುದು ಹೇಗೆ? 1990ರ ಬ್ಲಾಸ್ಟ್ ಎಂಬ ತಂತ್ರದ ಜಾಣತನವೇ ಅದು. ಇಡೀ ಸರಣಿಯನ್ನು ಹೋಲಿಸುತ್ತ ಕೂರುವುದಿಲ್ಲ. ಪ್ರೋಟೀನಾದರೆ ಮೂರು ಮೂರು ಅಕ್ಷರಗಳ ತುಣುಕು ಮಾಡಿಕೊಂಡು, ಅದು ತಾಳೆಯಾದ ಕಡೆ ಮಾತ್ರ ನಿಂತು, ಅಲ್ಲಿಂದ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಪಲ್ಲವಿಯ ಚೂರೊಂದು ಕಿವಿಗೆ ಬಿದ್ದೊಡನೆ ಹಾಡಿನ ಗುರುತು ಹತ್ತುವ ಹಾಗೆ. ಸಂತೆಯಲ್ಲಿ ಮೂಗು ನೋಡಿ 'ಇವನು ಅವರ ಮನೆಯವನೇ ಇರಬೇಕು' ಎಂದುಕೊಂಡು, ಆಮೇಲೆ ಹಣೆ, ಗದ್ದ ನೋಡುವ ಹಾಗೆ. ಜನಸಂದಣಿ ಹೆಚ್ಚಿದಷ್ಟೂ ಅಕಸ್ಮಾತ್ ಹೋಲುವ ಮೂಗುಗಳೂ ಹೆಚ್ಚು. ಅದಕ್ಕೇ ಬ್ಲಾಸ್ಟ್, ಇಷ್ಟು ದೊಡ್ಡ ರಾಶಿಯಲ್ಲಿ ಇಂಥ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಲ ಸಿಕ್ಕೀತು ಎಂಬ ಲೆಕ್ಕವನ್ನೂ ಜೊತೆಗೆ ಕೊಡುತ್ತದೆ.

ಕದ್ದಾರೆಂಬ ಭಯವೇ? ಕಣಜಕ್ಕೆ ಸೇರಿದ ಪ್ರತಿ ಸರಣಿಗೂ ಖಾಯಂ ಸಂಖ್ಯೆಯಿರುತ್ತದೆ, ಸುರಿದವರ ಹೆಸರೂ ಅಲ್ಲೇ ಇರುತ್ತದೆ. (ರೋಗಿಗಳ ಜೀನೋಮಿನ ಮಾತು ಬೇರೆ. ಅದಕ್ಕೆ ಬೀಗ ಇರಲೇಬೇಕು.)

ನನ್ನ ತಕರಾರು ಇನ್ನೊಂದು ಬಗೆಯ ಕೊಡುಗೈಗಳ ಬಗ್ಗೆ. ಯಾವ ಅಂಗಾಂಶ, ಯಾವ ಯಂತ್ರ, ಯಾವ ತಳಿ ಎಂಬ ಚೀಟಿ ಅಂಟಿಸದೆ, ಪ್ರಬಂಧದ ಬಾಲಕ್ಕೊಂದು ಎಕ್ಸೆಲ್ ಹಾಳೆ ಕಟ್ಟಿ ಕೈತೊಳೆದುಕೊಳ್ಳುವವರು. ಸೆಪ್ಟ್-2 ಎಂಬ ಜೀನಿನ ಹೆಸರು ಟೈಪಿಸಿದರೆ ಎಕ್ಸೆಲ್ ಅದನ್ನು ಸೆಪ್ಟೆಂಬರ್ ಎರಡನೇ ತಾರೀಖು ಮಾಡಿಬಿಡುತ್ತಿತ್ತು. ಪ್ರಕಟವಾದ ಎಷ್ಟೋ ಪಟ್ಟಿಗಳಲ್ಲಿ ಜೀನುಗಳ ಜಾಗದಲ್ಲಿ ತಾರೀಖುಗಳು ಕೂತಿದ್ದವು. ಕೊನೆಗೆ 2020ರಲ್ಲಿ, ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು ಅವುಗಳಿಗೆ ಮರುನಾಮಕರಣ ಮಾಡಿತು.